ತಲೆಕೆಳಗಾದ ನಡುಗಂಬ

ಹದಿನೇಳನೆಯ ಕಂಬದ ಬುಡದಲ್ಲಿ ಅಂಕೆ ಇರಲಿಲ್ಲ.

ಜೈನಬಾ ಮೊಣಕಾಲೂರಿ ಕೂತು ಮರದ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಹದಿನಾರರಲ್ಲಿತ್ತು. ಹದಿನೆಂಟರಲ್ಲಿತ್ತು. ನೆಲದಿಂದ ಒಂದು ಗೇಣು ಮೇಲೆ, ಉಳಿಯ ಮೂಲೆಯಿಂದ ಕೊರೆದ ಕನ್ನಡದ ಅಂಕೆಗಳು ಸಾಲಾಗಿ ನಡೆದು ಬಂದು, ಇಲ್ಲೊಂದು ಹೆಜ್ಜೆ ತಪ್ಪಿ, ಮತ್ತೆ ಮುಂದೆ ನಡೆದಿದ್ದವು.

"ಮುಗೀತಾ ನಿಮ್ಮ ಪೂಜೆ?" ಹಿಂದಿನಿಂದ ವೈಲೆಟ್ ಕೇಳಿದಳು. "ಹತ್ತು ನಿಮಿಷ ಅಂತ ಹೇಳಿ ಕರ್ಕೊಂಡು ಬಂದದ್ದು ನೀವು. ಅಲ್ಲಿ ನನ್ನ ಮಗ ಮಿಶಿನಿನಲ್ಲಿ ಉಸಿರು ಎಳೀತಿದ್ದಾನೆ. ಇಲ್ಲಿ ನೀವು ಕಂಬಕ್ಕೆ ಸಲಾಂ ಮಾಡ್ತಾ ಕೂತಿದ್ದೀರಿ."

"ಇನ್ನೈದು ನಿಮಿಷ, ವೈಲೆಟ್ ಬಾಯಿ."

ಹನ್ನೆರಡೂ ಹತ್ತಾಗಿತ್ತು.

ಕಳೆದ ಶುಕ್ರವಾರ ಇದೇ ಮಹಡಿಯಲ್ಲಿ, ಇದೇ ಕಂಬದ ಕೆಳಗೆ ವೈಲೆಟಳ ಮಗ ಆಲ್ರೊಯ್ ತಲೆ ಒಡೆದು ಬಿದ್ದಿದ್ದ. ಜೊತೆಗಿದ್ದ ಮರಗೆಲಸದ ಸುಕುಮಾರ ಆಚಾರಿ ಪೊಲೀಸರ ವಶದಲ್ಲಿದ್ದ. ಇವತ್ತು ಒಂದು ಗಂಟೆಗೆ ಅವನು ತಪ್ಪೊಪ್ಪಿಗೆಗೆ ಸಹಿ ಹಾಕುವವನಿದ್ದ.

ಆ ತಪ್ಪೊಪ್ಪಿಗೆಯನ್ನು ಬೆಳಿಗ್ಗೆ ಅರಬಿಯಲ್ಲಿ ಟೈಪು ಮಾಡಿ ಕೊಟ್ಟವಳು ಜೈನಬಾಳೇ.

ಕುವೈತಿನ ಫರ್ವಾನಿಯಾದ ಟೈಪಿಂಗ್ ಸೆಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತವಳು ಅವಳು. ಊರವರ ಇಕಾಮಾ ಎಂಬ ವಾಸದ ಪರವಾನಗಿ, ಮದುವೆ, ಮರಣ, ಎಲ್ಲವೂ ಅವಳ ಹತ್ತು ಬೆರಳಿನ ಕೆಳಗೇ ಹಾದು ಹೋಗಿದ್ದವು. ಕಾಗದವನ್ನು ಓದುವುದಲ್ಲ, ಆಲಿಸುವುದು ಅವಳ ಅಭ್ಯಾಸ. ಬೆಳಿಗ್ಗೆ ಒಂದು ಸಾಲು ಅವಳ ಕಿವಿಗೆ ಕಲ್ಲಿನ ಹಾಗೆ ತಗಲಿತ್ತು: 'ಗೋಡೆಯ ನಡುಗಂಬವನ್ನು ಕಿತ್ತು, ಮರಳಿ ಅದೇ ಜಾಗದಲ್ಲಿ ನಾನೇ ನಿಲ್ಲಿಸಿದೆ.' ಕಂಬವನ್ನು ಯಾಕೆ ಕಿತ್ತ? ಕಿತ್ತವನು ಯಾಕೆ ನಿಲ್ಲಿಸಿದ? ಕೊಲ್ಲಲು ಬಂದವನಿಗೆ ಗೋಡೆ ಸರಿಮಾಡುವ ಪುರುಸೊತ್ತು ಎಲ್ಲಿಂದ ಬಂತು? ಕಾಗದ ಕೊಟ್ಟು ಕಳಿಸಿದವಳೇ ಬಾಗಿಲು ಹಾಕಿ, ಟ್ಯಾಕ್ಸಿ ಹಿಡಿದು, ಆಸ್ಪತ್ರೆಯ ಬಾಗಿಲಿನಿಂದ ವೈಲೆಟಳನ್ನು ಹತ್ತಿಸಿಕೊಂಡು ಶುವೈಖಿನ ಈ ಹಳೆಯ ಬಂಗಲೆಗೆ ಬಂದಿದ್ದಳು.

ಅವಳ ಚೀಲದಲ್ಲಿ ಇನ್ನೊಂದು ಕಾಗದವೂ ಇತ್ತು. ಅದನ್ನು ಯಾರೂ ಹೇಳದೆಯೇ ಅವಳು ಟೈಪು ಮಾಡಿದ್ದಳು. 'ಸುಕುಮಾರನಿಂದ ಜೀವಭಯವಿದೆ ಎಂದು ಮಗ ನನ್ನಲ್ಲಿ ಹೇಳಿದ್ದ' ಎಂದು ವೈಲೆಟ್ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಳಲ್ಲ, ಆ ಹೇಳಿಕೆಯನ್ನು ಹಿಂದಕ್ಕೆ ಪಡೆಯುವ ಅರ್ಜಿ ಅದು. ಕೇಸಿನ ಬೆನ್ನೆಲುಬೇ ವೈಲೆಟಳ ಮಾತು. ಅದು ಸರಿದರೆ ಇವತ್ತಿನ ಸಹಿ ನಿಲ್ಲುತ್ತಿತ್ತು. ಕೆಳಗೆ ಒಂದು ಸಹಿಯಷ್ಟೇ ಬೇಕಿತ್ತು.

ಫೋನು ನಡುಗಿತು. ಹರಿಣಾಕ್ಷಿ, ಸುಕುಮಾರನ ಹೆಂಡತಿ. ಬೆಳಗ್ಗಿನಿಂದ ಠಾಣೆಯ ಬೆಂಚಿನಲ್ಲಿದ್ದಳು.

"ಜೈನಬಕ್ಕ, ಕಾಗದ ಬಂದಾಯ್ತು. ಸಾಹೇಬ ನಮಾಜಿಗೆ ಹೋಗಿದ್ದಾನೆ, ಬಂದ ಕೂಡ್ಲೆ ಸಹಿ ಅಂತೆ. ಒಂದು ಗಂಟೆಗೆ ಆಫೀಸು ಬಂದ್. ಸಹಿ ಹಾಕ್ಲಿ ಅಕ್ಕ, ಹಾಕ್ಲಿ. ಡಿಪೋರ್ಟ್ ಮಾಡಿದ್ರೆ ಮಾಡ್ಲಿ. ಹೇಗೂ ಊರು ಮುಟ್ತಾರಲ್ಲ."

"ಡಿಪೋರ್ಟ್ ಅಂತ ನಿನಗೆ ಯಾರು ಹೇಳಿದ್ದು?"

"ಸೈಟಿನ ಧನರಾಜಣ್ಣ."

"ಹರಿಣಿ, ಆ ಕಾಗದದಲ್ಲಿ ಡಿಪೋರ್ಟ್ ಅಂತ ಎಲ್ಲಿಯೂ ಇಲ್ಲ. ಟೈಪು ಮಾಡಿದವಳು ನಾನು."

ಆ ಕಡೆಯಿಂದ ಬಾಯಿಗೆ ಸೆರಗು ತುರುಕಿಕೊಂಡ ಉಸಿರು ಮಾತ್ರ ಕೇಳಿಸಿತು. ಜೈನಬಾ ಕಣ್ಣು ಮುಚ್ಚಿಕೊಂಡಳು. ಯಾ ರಬ್, ಪಡೆದವನೇ, ನನ್ನ ಬೆರಳುಗಳು ಕಟ್ಟಿದ ಗಂಟನ್ನು ನನ್ನ ಬೆರಳುಗಳಿಂದಲೇ ಬಿಚ್ಚಿಸು.

"ಹತ್ತು ನಿಮಿಷಕ್ಕೊಮ್ಮೆ ಫೋನು ನೋಡ್ತಾ ಇರು," ಎಂದು ಇಟ್ಟಳು.

ಈ ಮನೆಯ ಕತೆಯನ್ನು ಹೇಳದೆ ಆ ಕಂಬದ ಕತೆ ಹೇಳಿದರೆ ತಲೆಬುಡ ತಿಳಿಯದು.

ಎಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಬಂದರಿನ ಅಧಿಕಾರಿಯಾಗಿ ಬಂದ ಒಬ್ಬ ಇಂಗ್ಲಿಷಿನವನಿಗೆ ಸರಕಾರಿ ಬಂಗಲೆ ಬೇಕಾಯಿತು. ಬಂಗಲೆ ತನ್ನೂರಿನ ಹಾಗೆಯೇ ಇರಬೇಕಾಯಿತು. ಮರದ ಚೌಕಟ್ಟು ಹೊರಗೆ ಕಾಣಬೇಕು, ಕಂಬ ತೊಲೆ ಓರೆಪಟ್ಟಿಗಳ ನಡುವಿನ ಕಿಂಡಿಗಳಲ್ಲಿ ಬಿಳಿ ಗೋಡೆ ತುಂಬಬೇಕು. ಮರಳು ಮಾತ್ರ ಬೆಳೆಯುವ ಊರಿನಲ್ಲಿ ಮರಕ್ಕೆ ಎಲ್ಲಿ ಹೋಗುವುದು? ಮಂಗಳೂರಿಗೆ ಹೋದರು. ನೇತ್ರಾವತಿಯ ದಂಡೆಯಲ್ಲಿ ಸಾಗುವಾನಿ ಕೊಯ್ದು, ಇಡೀ ಮನೆಯನ್ನು ಒಮ್ಮೆ ಅಲ್ಲಿಯೇ ನಿಲ್ಲಿಸಿ ನೋಡಿ, ಕಂಬಕಂಬಕ್ಕೂ ಅಂಕೆ ಕೆತ್ತಿ, ಬಿಚ್ಚಿ, ಮಂಜಿ ಎಂಬ ಹಾಯಿಹಡಗಿಗೆ ಹೇರಿ ತಂದರು. ಮರದ ಜೊತೆಗೆ ಹನ್ನೊಂದು ಮಂದಿ ಆಚಾರಿಗಳೂ ಕಡಲು ದಾಟಿದರು. ಗೋಡೆಗೆ ಇಲ್ಲಿನ ಹವಳಗಲ್ಲು, ಮಾಡಿಗೆ ಮಂಗಳೂರು ಹಂಚು.

ಎದ್ದು ನಿಂತ ಮನೆಯನ್ನು ನೋಡಿ ಇಲ್ಲಿಯವರು ನಕ್ಕರಂತೆ. ಪಾಪ, ಸಾಹೇಬನ ಮನೆಗೆ ಚರ್ಮ ಹೊದಿಸಲು ಮರೆತರು, ಎಲುಬೆಲ್ಲ ಹೊರಗೇ ಉಂಟು ಎಂದು.

ಮೂವರು ಅಧಿಕಾರಿಗಳು ಅಲ್ಲಿ ಬಾಳಿದರು. ಬಳಿಕ ಅದು ಬಂದರಿನ ಅತಿಥಿಗೃಹವಾಯಿತು. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಅದರ ಬೀಗದಕೈಗಳಿದ್ದದ್ದು ಮೈಕಲ್ ಎಂಬ ಗುಮಾಸ್ತನ ಕೈಯಲ್ಲಿ. ವೈಲೆಟಳ ಗಂಡ. ಬಸುರಿ ಹೆಂಡತಿಯನ್ನು ಅಮ್ಮಾನಿಗೆ ಹೋಗುವ ಬಸ್ಸು ಹತ್ತಿಸಿ, 'ನನ್ನನ್ನು ನಂಬಿ ಕೊಟ್ಟ ಮನೆ, ಬಿಟ್ಟು ಬರಲಾರೆ' ಎಂದು ಹಿಂದೆ ಉಳಿದ. ನವೆಂಬರಿನಲ್ಲಿ ಅವನನ್ನು ಸೈನಿಕರು ಹಿಡಿದುಕೊಂಡು ಹೋದರೆಂದು ಸುದ್ದಿ ಬಂತು. ಹೆಣ ಬರಲಿಲ್ಲ. ಊರಿನ ಇಗರ್ಜಿಯಲ್ಲಿ ಅವನ ಆತ್ಮಕ್ಕಾಗಿ ಬಲಿಪೂಜೆಯಾಯಿತು. ಜನವರಿಯಲ್ಲಿ ಆಲ್ರೊಯ್ ಹುಟ್ಟಿದ. ನಾಲ್ಕು ವರ್ಷ ಕಳೆದು ವೈಲೆಟ್ ಮತ್ತೆ ಕುವೈತಿಗೆ ಬಂದು ನರ್ಸಿನ ಕೆಲಸ ಹಿಡಿದಳು, ಮಗನನ್ನು ಇಲ್ಲಿಯೇ ಬೆಳೆಸಿದಳು.

ಮನೆ ಮಾತ್ರ ಬೀಗ ಹಾಕಿದಲ್ಲಿಗೇ ಉಳಿದಿತ್ತು. ಈಗ ಅದನ್ನು ರಿಪೇರಿ ಮಾಡಿ ಮ್ಯೂಸಿಯಂ ಮಾಡಲು ಹೊರಟಾಗ, ಒಳ್ಳೆಯ ಕೆಲಸವನ್ನು ಬಿಟ್ಟು ಸರ್ವೆ ಎಂಜಿನಿಯರ್ ಆಗಿ ಸೇರಿದವನು ಆಲ್ರೊಯ್. ಅಪ್ಪ ಕೊನೆಯದಾಗಿ ನಡೆದ ನೆಲ. ಕೇಳಿದವರಿಗೆ ಅಷ್ಟೇ ಹೇಳುತ್ತಿದ್ದ.

ಜೈನಬಾ ಎದ್ದು ನಿಂತಳು. ಮಂಡಿ ಚಟ್ಟೆಂದಿತು. ಮೂಲೆಯಲ್ಲಿದ್ದ ಪೈಂಟಿನ ಡಬ್ಬಿಯನ್ನು ಎಳೆದು ಕಂಬದ ಬಳಿ ಬೋರಲು ಹಾಕಿದಳು.

"ಬೀಳ್ತೀರಿ," ಎಂದಳು ವೈಲೆಟ್.

"ಬಿದ್ದರೆ ನರ್ಸು ಹತ್ತಿರವೇ ಇದ್ದಾರಲ್ಲ."

ಡಬ್ಬಿಯ ಮೇಲೆ ಹತ್ತಿ, ಫೋನಿನ ಟಾರ್ಚನ್ನು ಮೇಲಿನ ತೊಲೆಯ ಅಡಿಗೆ ಹಿಡಿದಳು. ಅಲ್ಲಿತ್ತು. ತೊಲೆಯಿಂದ ಒಂದು ಗೇಣು ಕೆಳಗೆ, ಕಾಲು ಮೇಲಾದ ಹದಿನೇಳು.

ಬೆಳಕನ್ನು ಮೆಲ್ಲನೆ ಕೆಳಗಿಳಿಸಿದಳು. ಮರದ ಗಂಟುಗಳೂ ಅದನ್ನೇ ಹೇಳಿದವು. ನಿಂತ ಮರದಲ್ಲಿ ಕೊಂಬೆ ಮೇಲಕ್ಕೆ ಚಾಚುತ್ತದೆ, ಗಂಟಿನ ಬಾಲ ಕೆಳಗಿರುತ್ತದೆ. ಇಲ್ಲಿ ಬಾಲ ಮೇಲಾಗಿ, ಎಲ್ಲ ಗಂಟುಗಳೂ ನೆಲ ನೋಡುತ್ತಿದ್ದವು.

ಉಳ್ಳಾಲದ ಮರದ ಡಿಪೋದಲ್ಲಿ ಅಳತೆ ಹಿಡಿಯುತ್ತಿದ್ದ ಬಾಪನ ಮಾತು ನೆನಪಾಯಿತು. ಮರಕ್ಕೂ ಕಾಲುಂಟು ತಲೆಯುಂಟು ಮಗಳೇ. ಪಡೆದವನು ನಿಲ್ಲಿಸಿದ ಹಾಗೆಯೇ ಅದನ್ನು ನಿಲ್ಲಿಸಬೇಕು. ಆಚಾರಿಗಳು ಮರ ಕೊಳ್ಳಲು ಬಂದರೆ ಮೊದಲು ಬುಡ ಯಾವುದು ಎಂದು ಕೇಳಿ ಸುಣ್ಣದ ಗುರುತು ಹಾಕಿಕೊಳ್ಳುತ್ತಿದ್ದರು. ಹಟ್ಟಿಗಾದರೂ ಸರಿ, ಅರಮನೆಗಾದರೂ ಸರಿ, ತಲೆಕೆಳಗೆ ಕಂಬ ನಿಲ್ಲಿಸುವ ಆಚಾರಿ ಆ ಕರಾವಳಿಯಲ್ಲಿ ಹುಟ್ಟಿಲ್ಲ. ತನ್ನ ಮಗುವನ್ನು ಕಾಲು ಮೇಲೆ ಮಾಡಿ ಎತ್ತಿಕೊಳ್ಳುವ ತಾಯಿ ಉಂಟೇ?

ಅವಳು ಡಬ್ಬಿಯ ಮೇಲಿನಿಂದಲೇ ತಿರುಗಿದಳು.

"ವೈಲೆಟ್ ಬಾಯಿ, ಇದನ್ನು ನಿಲ್ಲಿಸಿದ್ದು ಸುಕುಮಾರ ಅಲ್ಲ."

"ಅವನೇ ಅಂತ ಅವನೇ ಬರೆದು ಕೊಟ್ಟಿದ್ದಾನಲ್ಲ."

"ಬರೆದದ್ದು ಸುಳ್ಳು. ಈ ಕಂಬ ತಲೆಕೆಳಗುಂಟು. ಆಚಾರಿಯ ಕೈ ಕಟ್ಟಿಹಾಕಿದರೂ ಅವನು ಹೀಗೆ ನಿಲ್ಲಿಸಲಿಕ್ಕಿಲ್ಲ. ಮರದ ಗಂಧಗಾಳಿ ಗೊತ್ತಿಲ್ಲದ ಯಾರೋ ಇದನ್ನು ಕಿತ್ತು ನಿಲ್ಲಿಸಿದ್ದಾರೆ. ಆಲ್ರೊಯ್ ಬಿದ್ದಾಗ ಇಲ್ಲಿ ಇನ್ನೊಬ್ಬ ಇದ್ದ."

ವೈಲೆಟಳ ಮುಖದಿಂದ ಏನೋ ಸರಿದು ಹೋಯಿತು. ಕೈ ಕೊರಳ ಶಿಲುಬೆಯ ಮೇಲೆ ಕೂತಿತು.

"ಇನ್ನೊಬ್ಬ ಅಂದ್ರೆ?"

"ಬೀಗದಕೈ ಇದ್ದವನು."

ಮೆಟ್ಟಿಲ ಬಳಿ ಕೀಲಿಗಳ ಸದ್ದಾಯಿತು. ಸೈಟಿನ ಸೂಪರ್‌ವೈಸರ್ ಧನರಾಜ್, ಸುರತ್ಕಲ್ ಕಡೆಯವನು, ಸೊಂಟದಲ್ಲಿ ಕೀಲಿಗೊಂಚಲು, ಕೈಯಲ್ಲಿ ಅರ್ಧ ಕುಡಿದ ಚಹಾ. ಇವರಿಗೆ ಬಾಗಿಲು ತೆರೆದು ಕೊಟ್ಟವನೇ ಅವನು.

"ಬೀಗದಕೈ ಅಂದದ್ದು ಕೇಳಿತು," ಎಂದ ಅವನು. "ನನ್ನ ಸುದ್ದಿಯೇ ಇರ್ಬೇಕು. ಎಂತ ಜೈನಬಕ್ಕ, ಟೈಪಿಂಗ್ ಬಿಟ್ಟು ಸಿಐಡಿ ಶುರು ಮಾಡಿದ್ರಾ?"

"ಶುಕ್ರವಾರ ಜುಮಾದ ಹೊತ್ತಿಗೆ ನೀನು ಎಲ್ಲಿದ್ದಿ ಧನರಾಜ್?"

"ಫಹಾಹೀಲಿನಲ್ಲಿ. ತಂಗಿ ಮನೆ. ಕೋರಿರೊಟ್ಟಿ. ಎಷ್ಟು ರೊಟ್ಟಿ ತಿಂದೆ ಅಂತಲೂ ಹೇಳ್ಬೇಕಾ?"

"ಕೀಲಿ?"

"ಇಲ್ಲಿಯೇ, ನನ್ನ ಸೊಂಟದಲ್ಲಿ."

"ಮತ್ತೆ ಇವರಿಬ್ಬರು ಒಳಗೆ ಬಂದದ್ದು?"

"ಆಲ್ರೊಯ್ ಹತ್ರ ಇನ್ನೊಂದು ಸೆಟ್ ಇತ್ತು. ಪೊಲೀಸರು ಅವನ ಕಿಸೆಯಿಂದಲೇ ತೆಗೆದದ್ದು. ಕೇಳಿ ನೋಡಿ."

"ಹರಿಣಾಕ್ಷಿಗೆ ಡಿಪೋರ್ಟ್ ಅಂತ ಸುಳ್ಳು ಹೇಳಿದ್ದು ಯಾಕೆ?"

ಅವನ ನಗು ಅಲ್ಲಿಗೇ ನಿಂತಿತು. ಚಹಾದ ಕಪ್ಪನ್ನು ಕಿಟಕಿಯ ದಂಡೆಯಲ್ಲಿಟ್ಟ.

"ಕಂಪೆನಿಯವರು ನನ್ನ ಹತ್ರ ಹೇಳಿದ್ದು ಹಾಗೆ. ನಾನು ದಾಟಿಸಿದೆ. ನನಗೂ ಅರಬಿ ಓದ್ಲಿಕ್ಕೆ ಬರುದಿಲ್ಲ. ನಿಮಗೆ ಬರ್ತದಲ್ಲ? ಬೆಳಿಗ್ಗೆ ಆ ಕಾಗದ ಟೈಪು ಮಾಡುವಾಗ ನೀವ್ಯಾಕೆ ಬಾಯಿ ಮುಚ್ಚಿ ಕೂತದ್ದು?"

ಏಟು ಸರಿಯಾದ ಜಾಗಕ್ಕೇ ಬಿತ್ತು. ಜೈನಬಾ ತಡೆದುಕೊಂಡಳು. ಒಂದು ಕೈಯನ್ನು ಕಂಬದ ಮೇಲಿಟ್ಟಳು.

"ಅದಕ್ಕೇ ಈಗ ಬಾಯಿ ಬಿಡ್ತಿದ್ದೇನೆ. ನೋಡು, ಅಂಕೆ ಮೇಲುಂಟು. ಆಚಾರಿ ಹೀಗೆ ನಿಲ್ಲಿಸುದಿಲ್ಲ. ಮರದ ಕೆಲಸ ಗೊತ್ತಿಲ್ಲದವ ನಿಲ್ಲಿಸಿದ್ದು. ನಿನಗೆ ಸಿಮೆಂಟು ಗೊತ್ತು, ಕಬ್ಬಿಣ ಗೊತ್ತು. ಮರದ ಬುಡ ಯಾವುದು, ತಲೆ ಯಾವುದು, ನಿನಗೆ ಗೊತ್ತುಂಟಾ?"

ಧನರಾಜ್ ಕಂಬವನ್ನು ನೋಡಿದ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಅವನ ಮುಖದಲ್ಲಿ ಸಿಟ್ಟಿಲ್ಲ, ಒಂದು ಬಗೆಯ ಕನಿಕರವಿತ್ತು. ಆ ಕನಿಕರವನ್ನು ಕಂಡೇ ಜೈನಬಾಳಿಗೆ ಅಳುಕು ಹುಟ್ಟಿತು.

"ಒಂದು ನಿಮಿಷ ಅಕ್ಕ."

ಫೋನು ತೆಗೆದು ಸರಿಸುತ್ತ ಹೋದ. ಸೈಟಿನ ಗ್ರೂಪು, ಆಲ್ರೊಯ್ ಕಳಿಸುತ್ತಿದ್ದ ಸರ್ವೆಯ ಫೋಟೊಗಳು. ಜೂನ್ ತಿಂಗಳಿಗೆ ಬಂದು ನಿಂತ. ಬೆರಳುಗಳಿಂದ ಹಿಗ್ಗಿಸಿ ಅವಳ ಮುಂದೆ ಹಿಡಿದ.

ಅದೇ ಗೋಡೆ. ಅದೇ ಹದಿನೇಳನೆಯ ಕಂಬ. ತೊಲೆಯ ಅಡಿಯಲ್ಲಿ, ಕಾಲು ಮೇಲಾಗಿ, ಅದೇ ಅಂಕೆ.

"ಶುಕ್ರವಾರಕ್ಕಿಂತ ಮೂರು ತಿಂಗಳ ಮೊದಲಿನ ಫೋಟೊ," ಎಂದ ಧನರಾಜ್. "ನಾವು ಈ ಮನೆಗೆ ಕಾಲಿಡುವಾಗಲೇ ಇದು ಹೀಗಿತ್ತು. ಸುಕುಮಾರ ಕಿತ್ತದ್ದೂ ನಿಜ, ಪ್ಲಾಸ್ಟರು ಹೊಸತುಂಟು. ಇದ್ದ ಹಾಗೇ ಪುನಃ ನಿಲ್ಲಿಸಿದ. ಅಷ್ಟೇ. ನಿಮ್ಮ ಸಾಕ್ಷಿ ಖಲಾಸ್ ಅಕ್ಕ."

ಹೊಳೆಯಲ್ಲಿ ಕೊಚ್ಚಿ ಹೋಗುವವಳ ಕೈಯಲ್ಲಿದ್ದ ಒಂದೇ ಬೇರು ಕಳಚಿ ಬಂದಂತಾಯಿತು. ಹನ್ನೆರಡೂ ಮೂವತ್ತೆಂಟು. ಜೈನಬಾ ಡಬ್ಬಿಯಿಂದ ಇಳಿದು ಅದರ ಮೇಲೆಯೇ ಕೂತುಬಿಟ್ಟಳು.

"ನಾನು ಹೋಗ್ತೇನೆ," ಎಂದಳು ವೈಲೆಟ್. ಸ್ವರದಲ್ಲಿ ಗೆಲುವಿರಲಿಲ್ಲ, ಅವಸರವಿತ್ತು. "ಐಸಿಯುನಲ್ಲಿ ಒಂದು ಗಂಟೆಗೆ ಡಾಕ್ಟರ್ ಬರ್ತಾರೆ."

"ತಡೀರಿ."

ಹನ್ನೊಂದು ಮಂದಿ ಆಚಾರಿಗಳು 'ಇದು ಬುಡ, ಇದು ತಲೆ' ಎಂದು ಅಂಕೆ ಹಾಕಿ ತಂದ ಕಂಬ. ಅವರು ನಿಲ್ಲಿಸಿದಾಗ ಇದು ಸರಿಯಾಗಿಯೇ ನಿಂತಿತ್ತು. ಹಾಗಾದರೆ ಆಮೇಲೆ, ಧನರಾಜನ ಕಂಪೆನಿ ಬರುವುದಕ್ಕೆ ಮೊದಲು, ಇನ್ನೊಂದು ಕೈ ಇದನ್ನು ಕಿತ್ತಿದೆ. ಭಾರ ಹೊರುವ ಕಂಬವಲ್ಲ, ಬೆಣೆ ಬಡಿದು ಸಿಕ್ಕಿಸಿದ ನಡುಗಂಬ. ಗಟ್ಟಿ ಗಂಡಸೊಬ್ಬನಿಗೆ ಒಂದು ಮಧ್ಯಾಹ್ನದ ಕೆಲಸ. ಗೋಡೆಯೊಳಗೆ ಏನನ್ನೋ ಇಟ್ಟು, ಗಡಿಬಿಡಿಯಲ್ಲಿ, ತಲೆಬುಡ ತಿಳಿಯದೆ ನಿಲ್ಲಿಸಿ ಹೋದ ಕೈ.

ಬೀಗದಕೈ ಇದ್ದ ಕೈ.

ಅವಳು ಹರಿಣಾಕ್ಷಿಗೆ ಫೋನು ಮಾಡಿದಳು. "ಆಚಾರಿಗೆ ಕೊಡ್ಲಿಕ್ಕೆ ಆಗ್ತದಾ?"

"ಇಲ್ಲಿಯೇ ಕೂರಿಸಿದ್ದಾರೆ ಅಕ್ಕ. ಒಬ್ಬ ಒಳ್ಳೆ ಪೊಲೀಸ್ ಉಂಟು. ಕೇಳ್ತೇನೆ." ಬೇಡುವ ಸದ್ದು, ಕುರ್ಚಿ ಎಳೆದ ಸದ್ದು. "ಎರಡೇ ನಿಮಿಷ ಅಂತೆ."

ಜೈನಬಾ ಸ್ಪೀಕರ್ ಒತ್ತಿದಳು. ಹತ್ತಿರ ಯಾರಿದ್ದಾರೆಂದು ಅವನಿಗೆ ಹೇಳಲಿಲ್ಲ. ಆ ಮೋಸಕ್ಕೆ ಪಡೆದವನು ತನ್ನನ್ನು ಕ್ಷಮಿಸಲಿ ಎಂದುಕೊಂಡಳು.

"ಹೇಳಿ ಅಕ್ಕ." ಆಚಾರಿಯ ಸ್ವರ ಮರದಪುಡಿ ತುಂಬಿದ ಹಾಗಿತ್ತು.

"ಹದಿನೇಳನೇ ಕಂಬ ನೋಡಿದೆ ಆಚಾರಿ."

ಅತ್ತ ಬೆಂಚು ಕಿರುಗುಟ್ಟಿತು.

"ತಲೆಕೆಳಗುಂಟು."

"ಅಕ್ಕ." ಐದು ದಿನ ಪೊಲೀಸರ ಮುಂದೆ ಕಲ್ಲಾಗಿ ಕೂತವನ ಸ್ವರ ಅಲ್ಲಿ ಬಿರುಕುಬಿಟ್ಟಿತು. "ಕೊಲ್ಲಲಿಕ್ಕೆ ನೋಡಿದೆ ಅಂತ ಬೇಕಾದ್ರೆ ಬರೀರಿ. ಆ ಕಂಬ ತಲೆಕೆಳಗೆ ಮಾಡಿದವ ನಾನು ಅಂತ ಮಾತ್ರ ಎಲ್ಲಿಯೂ ಬರೀಬೇಡಿ. ನಮ್ಮಪ್ಪನ ಹೆಸರುಂಟು ಊರಲ್ಲಿ."

"ಮತ್ತೆ ಹಾಗೇ ನಿಲ್ಲಿಸಿದ್ದು ಯಾಕೆ?"

"ನಾನು ಸರಿ ಮಾಡ್ತೇನೆ ಅಂದೆ. ಕಾಲು ಹಿಡಿದು ಹೇಳಿದೆ. ಆಲ್ರೊಯ್ ಬಿಡ್ಲಿಲ್ಲ. 'ಇದು ನನ್ನ ಪಪ್ಪನ ಕೈ, ಆಚಾರಿ. ತಪ್ಪಾದ್ರೂ ಹಾಗೇ ಇರ್ಲಿ' ಅಂದ."

ವೈಲೆಟ್ ಗೋಡೆಗೆ ಒರಗಿದಳು. ಧನರಾಜ್ ಕುರ್ಚಿ ತರಲು ಹೊರಟವನು ಅಲ್ಲೇ ನಿಂತ.

"ಪಪ್ಪನ ಕೈ ಅಂತ ಅವನಿಗೆ ಹೇಗೆ ಗೊತ್ತಾಯ್ತು?"

"ಒಳಗೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಈ ಮನೆಯ ಹಳೆ ಬೀಗದಕೈಗಳು, ಅವನ ಅಪ್ಪನ ಇಕಾಮಾ. ಮತ್ತೆ ಒಂದು ಫೋಟೊ. ಬಿಳಿ ಅಂಗಿ ಹಾಕಿದ ಮಗು. ಹಿಂದೆ ಕನ್ನಡ ಅಕ್ಷರದಲ್ಲಿ ಕೊಂಕಣಿ. ನಾನೂ ಓದಿದೆ ಅಕ್ಕ. ತುಜೊ ಪೂತ್, ತೀನ್ ಮಹಿನ್ಯಾಂಚೊ. ನಿನ್ನ ಮಗ, ಮೂರು ತಿಂಗಳಿನವ ಅಂತ."

ಜೈನಬಾಳ ಮನಸ್ಸು ತಿಂಗಳುಗಳನ್ನು ಪೋಣಿಸಿತು. ಮೈಕಲ್ ಕಾಣೆಯಾದದ್ದು ತೊಂಬತ್ತರ ನವೆಂಬರಿನಲ್ಲಿ. ಮಗು ಹುಟ್ಟಿದ್ದು ಮುಂದಿನ ಜನವರಿಯಲ್ಲಿ. ಮೂರು ತಿಂಗಳೆಂದರೆ ಏಪ್ರಿಲ್. ಸತ್ತವನು ಏಪ್ರಿಲ್ ತಿಂಗಳ ಫೋಟೊವನ್ನು ಗೋಡೆಯೊಳಗೆ ಇಡುವುದು ಹೇಗೆ?

"ಆಲ್ರೊಯ್ ಆ ಅಕ್ಷರವನ್ನೇ ನೋಡ್ತಾ ಕೂತ," ಎಂದ ಸುಕುಮಾರ. "ಯಾರ ಅಕ್ಷರ ಅಂತ ನಾನು ಕೇಳ್ಲಿಲ್ಲ. ಅವನ ಮುಖ ನೋಡಿದ್ರೆ ಕೇಳ್ಲಿಕ್ಕೆ ಆಗುವ ಹಾಗಿರ್ಲಿಲ್ಲ. ನಾನು ಕಂಬ ಕೂರಿಸಿ, ಪ್ಲಾಸ್ಟರು ಮುಗಿಸುವಾಗ ಮೆಟ್ಟಿಲಲ್ಲಿ ಒಬ್ಬ ಮುದುಕ ಬಂದ. ಬಾಗಿಲು ನಾವೇ ತೆರೆದಿಟ್ಟದ್ದು. ಆಲ್ರೊಯ್ ಅವನನ್ನು ನೋಡಿ 'ಪಪ್ಪಾ' ಅಂದ. ಕೇಳಿದ್ದಾ, ಕರೆದದ್ದಾ, ನನಗೆ ಗೊತ್ತಾಗಲಿಲ್ಲ."

"ಆಮೇಲೆ?"

"ನನ್ನನ್ನು ಕೆಳಗೆ ಕಳಿಸಿದ. 'ಯಾರಿಗೂ ಹೇಳ್ಬೇಡಿ ಆಚಾರಿ, ಮಮ್ಮಿ ಹತ್ರ ನಾನೇ ಕೇಳ್ತೇನೆ' ಅಂತ ನನ್ನ ಮಕ್ಕಳ ಮೇಲೆ ಆಣೆ ಹಾಕಿಸಿದ. ನಾನು ಕೆಳಗೆ ಕೈ ತೊಳೀತಿದ್ದೆ. ಮೇಲೆ ಜೋರು ಮಾತು. ಮತ್ತೆ ಧಡ್ ಅಂತ. ಓಡಿ ಬರುವಾಗ ಹುಡುಗ ಬಿದ್ದಿದ್ದ. ಮುದುಕ ಇಲ್ಲ. ಡಬ್ಬಿಯೂ ಇಲ್ಲ. ಹುಡುಗ ಎದ್ದು ತಾನೇ ಹೇಳಲಿ ಅಂತ ಕಾದೆ ಅಕ್ಕ. ಏಳ್ಲೇ ಇಲ್ಲ."

"ಆಚಾರಿ, ಸಹಿ ಹಾಕ್ಬೇಡ! ಕೇಳಿತಾ? ಸಾಯುವವರೆಗೂ ಜೈಲು..."

ಅತ್ತ ಬಾಗಿಲು ಬಡಿದ ಸದ್ದು. ದಪ್ಪ ಸ್ವರವೊಂದು "ಖಲಾಸ್, ಯಲ್ಲಾ!" ಎಂದಿತು. ಹರಿಣಾಕ್ಷಿ ಕೂಗಿದ್ದು ಅರ್ಧಕ್ಕೇ ಕಡಿಯಿತು.

ಹನ್ನೆರಡೂ ಐವತ್ತು.

ಧನರಾಜನೇ ಮೊದಲು ಮಾತಾಡಿದ. "ಯಾರೋ ಪಿಕ್‌ಪಾಕೆಟ್ ಮುದುಕ ಇರ್ಬೇಕು. ಮೂವತ್ತೈದು ವರ್ಷದ ಮೊದಲು ಸತ್ತವರು... ಸಿಸ್ಟರ್, ನೀವು ಕೂತ್ಕೊಳ್ಳಿ. ನೀರು ತರ್ತೇನೆ." ಅವನು ಮೆಟ್ಟಿಲು ಇಳಿದು ಹೋದ.

ವೈಲೆಟ್ ಕೂರಲಿಲ್ಲ. ಅಳಲಿಲ್ಲ. ಕಿಟಕಿಯಾಚೆ ಗ್ಯಾರೇಜುಗಳ ತಗಡಿನ ಮಾಡುಗಳ ಮೇಲೆ ಉರಿಯುವ ಬಿಸಿಲನ್ನು ನೋಡುತ್ತ ನಿಂತಿದ್ದಳು.

ಜೈನಬಾ ಆಲಿಸುತ್ತಿದ್ದಳು. ಸಂಜೆಯ ಮಗ್ರಿಬ್ ನಮಾಜು ಕಳೆದು ದೀಪದ ಮುಂದೆ ಅಜ್ಜಿ ರಾಗವಾಗಿ ಹೇಳುತ್ತಿದ್ದ ಮಾಲೆಯ ಹಾಡನ್ನು ಕೇಳಿ ಬೆಳೆದ ಕಿವಿ ಅದು. ಅರ್ಥ ತಿಳಿಯದ ವಯಸ್ಸಿನಲ್ಲೂ, ಅಜ್ಜಿ ಒಂದು ಸಾಲು ಬಿಟ್ಟರೆ ಆ ಕಿವಿ ಎಡವುತ್ತಿತ್ತು. ಈಗಲೂ ಎಡವಿತು. ಇಲ್ಲಿ ಬರಲೇಬೇಕಾದ ಒಂದು ಸಾಲು ಬರಲಿಲ್ಲ.

"ವೈಲೆಟ್ ಬಾಯಿ, ನೀವು ಕೇಳಲೇ ಇಲ್ಲ."

"ಎಂತ ಕೇಳ್ಬೇಕು?"

"ಬದುಕಿದ್ದಾರಾ ಅಂತ."

ವೈಲೆಟ್ ಕಿಟಕಿಯ ದಂಡೆಯನ್ನು ಹಿಡಿದುಕೊಂಡಳು.

"ಮೂವತ್ತೈದು ವರ್ಷ ಗಂಡನ ಆತ್ಮಕ್ಕೆ ಪೂಜೆ ಕೊಟ್ಟವರು ನೀವು. ಗಂಡ ಮೆಟ್ಟಿಲು ಹತ್ತಿ ಬಂದ ಅಂದರೆ ಯಾವ ಹೆಂಗಸಾದರೂ ಮೊದಲು ಅದನ್ನೇ ಕೇಳ್ತಾಳೆ. ಫೋಟೊದ ಹಿಂದಿನ ಅಕ್ಷರ ನಿಮ್ಮದು. ಅವರು ಬದುಕಿದ್ದದ್ದು ನಿಮಗೆ ಆಗಲೇ ಗೊತ್ತಿತ್ತು."

"ಜೈನಬಾ, ಸಾಕು."

"ಆಲ್ರೊಯ್ ಆಚಾರಿಗೆ ಹೆದರಿದ್ದ ಅಂತ ಪೊಲೀಸರಿಗೆ ಹೇಳಿದಿರಿ. ಅವನು ಹೆದರಿದ್ದನಾ?"

"ಇಲ್ಲ," ಎಂದಳು ವೈಲೆಟ್. "ಅವನಿಗೆ ಆಚಾರಿ ಅಂದ್ರೆ ಇಷ್ಟ."

ಜೈನಬಾ ಚೀಲದಿಂದ ಅರ್ಜಿಯನ್ನು ತೆಗೆದು ಕಿಟಕಿಯ ದಂಡೆಯ ಮೇಲೆ ಹರಡಿದಳು. ಅದರ ಮೇಲೆ ಪೆನ್ನಿಟ್ಟಳು.

"ಇದಕ್ಕೆ ಸಹಿ ಹಾಕಿ. ಈಗಲೇ ಫೋಟೊ ತೆಗೆದು ಠಾಣೆಗೆ ಕಳಿಸ್ತೇನೆ. ಇನ್ನೂ ಏಳು ನಿಮಿಷ ಉಂಟು. ಅಲ್ಲಿ ಒಬ್ಬ ನಿರಪರಾಧಿ ನಿಮ್ಮ ಮಗನ ಮಾತು ಉಳಿಸ್ಲಿಕ್ಕೆ ತನ್ನ ಬಾಳು ಕೊಡ್ತಿದ್ದಾನೆ, ವೈಲೆಟ್ ಬಾಯಿ. ನಿಮ್ಮ ಕಾಲು ಹಿಡೀತೇನೆ."

ವೈಲೆಟ್ ಪೆನ್ನು ತೆಗೆದುಕೊಂಡಳು. ಮುಚ್ಚಳ ತೆಗೆದಳು. ಕಾಗದದ ಕೊನೆಯ ಗೆರೆಯ ಮೇಲೆ ಅದರ ಮೊನೆಯನ್ನು ತಂದು ಹಿಡಿದಳು. ಎಷ್ಟೋ ರೋಗಿಗಳ ಚಾರ್ಟು ಬರೆದ ಕೈ ಅದು, ಅಲುಗಲಿಲ್ಲ.

ಆಮೇಲೆ ಮುಚ್ಚಳ ಹಾಕಿ, ಪೆನ್ನನ್ನು ಇದ್ದಲ್ಲಿಗೇ ಇಟ್ಟಳು.

"ನಾನು ಸಹಿ ಹಾಕಿದ್ರೆ ಪೊಲೀಸರು ಬೇರೆಯವರನ್ನು ಹುಡುಕ್ಲಿಕ್ಕೆ ಹೊರಡ್ತಾರೆ," ಎಂದಳು. "ಮೊದಲು ಬರುದು ನನ್ನ ಮನೆಗೆ."

ಕೆಳಗೆ ಧನರಾಜ್ ನೀರಿನ ಬಾಟಲಿ ಹಿಡಿದು ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ವೈಲೆಟ್ ಸ್ವರ ತಗ್ಗಿಸಿ, ಜೈನಬಾಳ ಮುಂಗೈಯನ್ನು ಬಿಗಿಯಾಗಿ ಹಿಡಿದಳು.

"ಶುಕ್ರವಾರ ಮಧ್ಯಾಹ್ನದಿಂದ ಅವರು ಒಳಕೋಣೆಯಲ್ಲಿದ್ದಾರೆ, ಜೈನಬಾ. ಆಲ್ರೊಯ್‌ನ ಮಂಚದ ಮೇಲೆ."